ಗಿಯರಿನಿಂದ ಬೆಲ್ಟಿಗೆ: ನಮ್ಮ ಸೀಮೆಯ ಡೀಸೆಲ್ ಎಂಜಿನ್ನಿನ ಒಂದು ಚರಿತ್ರೆ



ಬಾಡಿಗೆ ವಾಹನ ಓಡಿಸಿ ಸಂಸಾರ ಸಾಗಿಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ತಿಂಗಳ ಹಿಂದೆ ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದ. “ಸಾರ್, ಡೀಸೆಲ್ ಗಾಡಿಗೆ ಟೈಮಿಂಗ್ ಬೆಲ್ಟು ಬದಲಾಯಿಸಿದರೆ ಎಳೆಯೋ ಶಕ್ತಿ ಕಡಿಮೆಯಾಗುತ್ತಂತೆ. ಕಂಪನಿಯವರು ಹಾಕಿದ ಬೆಲ್ಟನ್ನ ಸದ್ದು ಬರೋವರೆಗೂ ಮುಟ್ಟಬಾರದು ಅಂತಾರೆ. ನಿಜವಾ ಸಾರ್?” ನಾನು ಶಾಲೆಯಲ್ಲಿ ಕಲಿಸಿದ್ದು ಸಮಾಜ ವಿಜ್ಞಾನ. ಎಂಜಿನ್ನಿನ ವಿಷಯವನ್ನು ಮೇಷ್ಟ್ರನ್ನು ಕೇಳುತ್ತಾನಲ್ಲ ಎಂದು ಮೊದಲು ನಗು ಬಂದಿತು. ಆದರೆ ಯೋಚಿಸುತ್ತಾ ಹೋದಂತೆ ಇದು ಇತಿಹಾಸದ ಪ್ರಶ್ನೆಯೂ ಹೌದೆಂದು ತೋರಿತು. ‘ಸದ್ದು ಬರುವವರೆಗೂ ಮುಟ್ಟಬಾರದು’ ಎಂಬ ನಂಬಿಕೆ ಆಕಾಶದಿಂದ ಉದುರಿದ್ದಲ್ಲ. ಅದಕ್ಕೊಂದು ಕಾಲವಿತ್ತು, ಆ ಕಾಲದಲ್ಲಿ ಅದಕ್ಕೊಂದು ಅರ್ಥವೂ ಇತ್ತು. ಆ ಕಾಲ ಯಾವುದು, ಅದು ಯಾವಾಗ ಮುಗಿಯಿತು ಎಂಬುದನ್ನು ಹೇಳುವುದೇ ಈ ಬರಹದ ಉದ್ದೇಶ.

ಮೊದಲಿಗೆ ಡೀಸೆಲ್ ಎಂಬ ಹೆಸರಿನಿಂದಲೇ ಆರಂಭಿಸೋಣ. ಅದು ಎಣ್ಣೆಯ ಹೆಸರಾಗುವ ಮೊದಲು ಮನುಷ್ಯನೊಬ್ಬನ ಹೆಸರಾಗಿತ್ತು. ರುಡಾಲ್ಫ್ ಡೀಸೆಲ್ 1858ರಲ್ಲಿ ಪ್ಯಾರಿಸ್ ನಗರದಲ್ಲಿ ಜರ್ಮನ್ ತಂದೆತಾಯಿಗಳಿಗೆ ಜನಿಸಿದನು. ಅವನ ಕಾಲದ ಉಗಿಯಂತ್ರಗಳು ಕಲ್ಲಿದ್ದಲಿನ ಶಾಖದಲ್ಲಿ ಬಹುಪಾಲನ್ನು ವ್ಯರ್ಥ ಮಾಡುತ್ತಿದ್ದವು. ಇದಕ್ಕಿಂತ ಮಿತವ್ಯಯದ ಯಂತ್ರವೊಂದನ್ನು ನಿರ್ಮಿಸಬೇಕೆಂಬುದು ಅವನ ಹಂಬಲ. 1893ರಲ್ಲಿ ಅವನಿಗೆ ಪೇಟೆಂಟ್ ದೊರೆಯಿತು. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದ ಕಾರ್ಖಾನೆಯಲ್ಲಿ ನಡೆದ ಪರೀಕ್ಷೆಯಲ್ಲಿ ಅವನ ಎಂಜಿನ್ನು ಇಂಧನದ ಶಾಖದಲ್ಲಿ ಶೇಕಡಾ 26ರಷ್ಟನ್ನು ಕೆಲಸವಾಗಿ ಪರಿವರ್ತಿಸಿ ತೋರಿಸಿತು. ಅಂದಿನ ದಿನಗಳಲ್ಲಿ ಅದೊಂದು ಅದ್ಭುತ. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುತ್ತಿದ್ದಾಗ ಅವನು ಕಣ್ಮರೆಯಾದನು. ಮನುಷ್ಯ ಸಮುದ್ರದ ಪಾಲಾದನು, ಹೆಸರು ಮಾತ್ರ ಜಗತ್ತಿನ ಎಲ್ಲ ಪೆಟ್ರೋಲ್ ಬಂಕುಗಳ ಮೇಲೆ ಉಳಿಯಿತು.

ನಮ್ಮ ಪಾವಗಡ, ಶಿರಾ, ಮಧುಗಿರಿ ಸೀಮೆಯವರು ತಿಳಿದಿರಬೇಕಾದ ಸಂಗತಿಯೊಂದಿದೆ. 1900ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಜಾಗತಿಕ ವಸ್ತುಪ್ರದರ್ಶನದಲ್ಲಿ ಚಿಕ್ಕದೊಂದು ಡೀಸೆಲ್ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಲಾಯಿತು. ತನ್ನ ಆಫ್ರಿಕದ ವಸಾಹತುಗಳಲ್ಲಿ ಹೇರಳವಾಗಿ ಬೆಳೆಯುತ್ತಿದ್ದ ಕಡಲೆಕಾಯಿಯನ್ನು ಅಲ್ಲಿಯೇ ಇಂಧನವಾಗಿ ಬಳಸಬಹುದೇ ಎಂದು ಫ್ರೆಂಚ್ ಸರ್ಕಾರಕ್ಕೆ ಕುತೂಹಲವಿದ್ದಿತು. ಖನಿಜ ತೈಲಕ್ಕೆಂದು ಮಾಡಿದ ಎಂಜಿನ್ನು ಯಾವ ಮಾರ್ಪಾಡೂ ಇಲ್ಲದೆ ಕಡಲೆಕಾಯಿ ಎಣ್ಣೆಯಲ್ಲಿ ಎಷ್ಟು ಸರಾಗವಾಗಿ ಓಡಿತೆಂದರೆ, ನೋಡಿದವರಲ್ಲಿ ಕೆಲವರಿಗಷ್ಟೇ ಆ ವ್ಯತ್ಯಾಸ ತಿಳಿದಿದ್ದಿತೆಂದು ಡೀಸೆಲ್ ಮುಂದೆ 1912ರಲ್ಲಿ ನೆನೆದಿದ್ದಾನೆ. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತುವ, ಗಾಣದೆಣ್ಣೆಯ ಘಮಲಿನಲ್ಲೇ ಬೆಳೆದ ನಮಗೆ ಈ ಯಂತ್ರ ಅಷ್ಟೇನೂ ಹೊರಗಿನದಲ್ಲವೆಂದು ನಾನು ಸಲುಗೆಯಿಂದ ಹೇಳುವುದುಂಟು.

ಇನ್ನು ಟೈಮಿಂಗ್ ಎಂದರೇನು ಎಂಬುದನ್ನು ನೋಡೋಣ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವೆಲ್ಲ ಮುಟ್ಟಿ ನೋಡಿದ್ದೀರಿ. ಗಾಳಿಯನ್ನು ಅದುಮಿದರೆ ಅದು ಕಾಯುತ್ತದೆ. ಡೀಸೆಲ್ ಎಂಜಿನ್ನಿನ ಸಿಲಿಂಡರಿನಲ್ಲಿ ಗಾಳಿಯನ್ನು ಹದಿನಾರು, ಹದಿನೆಂಟು, ಕೆಲವೊಮ್ಮೆ ಇಪ್ಪತ್ತು ಪಟ್ಟು ಕಿರಿದಾಗುವಂತೆ ಅದುಮುತ್ತಾರೆ. ಆಗ ಅದು 500 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯುತ್ತದೆ. ಆ ಕಾದ ಗಾಳಿಗೆ ಡೀಸೆಲ್ಲನ್ನು ಸೂಕ್ಷ್ಮವಾಗಿ ಸಿಂಪಡಿಸಿದೊಡನೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಬೆಂಕಿ ಹೊತ್ತಿಸಲು ಕಿಡಿ ಇರುತ್ತದೆ. ಡೀಸೆಲ್ಲಿನಲ್ಲಿ ಕಿಡಿಯಿಲ್ಲ, ಎಣ್ಣೆ ಒಳಗೆ ಹೋಗುವ ಗಳಿಗೆಯೇ ಬೆಂಕಿ ಹೊತ್ತುವ ಗಳಿಗೆ. ಆದ್ದರಿಂದ ಆ ಗಳಿಗೆ ತಪ್ಪಿದರೆ ಎಂಜಿನ್ನಿನ ಬಲವೂ ತಪ್ಪಿತು.

ಆ ಗಳಿಗೆ ಎಷ್ಟು ಕಿರಿದೆಂಬುದಕ್ಕೆ ಒಂದು ಸಣ್ಣ ಲೆಕ್ಕ. ನಮ್ಮ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಕಿರ್ಲೋಸ್ಕರ್ ಕಂಪನಿಯ ಟಿವಿ-1 ಎಂಬ ಒಂಟಿ ಸಿಲಿಂಡರಿನ ಎಂಜಿನ್ನು ಸಾಮಾನ್ಯವಾಗಿ ಕಾಣಸಿಗುತ್ತದೆ. ಅದು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 25 ಸುತ್ತು. ಒಂದು ಸುತ್ತಿಗೆ 360 ಡಿಗ್ರಿಯಂತೆ ಸೆಕೆಂಡಿಗೆ 9000 ಡಿಗ್ರಿ. ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ 23 ಡಿಗ್ರಿ ಮೊದಲು ಅದರಲ್ಲಿ ಎಣ್ಣೆ ಸಿಂಪಡಣೆ ಆರಂಭವಾಗುತ್ತದೆ. ಸೆಕೆಂಡಿನಲ್ಲಿ ಹೇಳುವುದಾದರೆ ಅದು ಸುಮಾರು 400ನೆಯ ಒಂದು ಭಾಗ! ಕಣ್ಣು ಮಿಟುಕಿಸುವುದರೊಳಗೆ ಹತ್ತಾರು ಬಾರಿ ಮುಗಿದುಹೋಗುವಷ್ಟು ಕಿರಿದಾದ ಕಾಲ. ಇದರ ಜೊತೆಗೆ ಗಾಳಿ ಒಳಬರುವ ವಾಲ್ವು, ಹೊಗೆ ಹೊರಹೋಗುವ ವಾಲ್ವು ಇವೆರಡೂ ತಮ್ಮ ತಮ್ಮ ಸರದಿಯಲ್ಲಿ ತೆರೆದು ಮುಚ್ಚಬೇಕು. ಪಿಸ್ಟನ್ನನ್ನು ನಡೆಸುವ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗಿದಾಗ ವಾಲ್ವುಗಳನ್ನು ಎತ್ತುವ ಕ್ಯಾಮ್ ದಂಡ ಒಂದೇ ಸುತ್ತು ತಿರುಗಬೇಕು. ಈ ಎರಡು ದಂಡಗಳನ್ನು ಹೆಜ್ಜೆ ತಪ್ಪದಂತೆ ಜೋಡಿಸಿಡುವುದೇ ಟೈಮಿಂಗ್. ಜೋಡಿಸುವ ಸಾಧನ ಗಿಯರಾಗಿರಬಹುದು, ಚೈನಾಗಿರಬಹುದು, ಬೆಲ್ಟಾಗಿರಬಹುದು. ನಮ್ಮ ಕಥೆ ಇರುವುದು ಈ ಬದಲಾವಣೆಯಲ್ಲಿಯೇ.

ನಮ್ಮ ಸೀಮೆ ಡೀಸೆಲ್ ಎಂಜಿನ್ನನ್ನು ಮೊದಲು ಕಂಡದ್ದು ಮುಖ್ಯವಾಗಿ ಬಾವಿಯ ದಡದಲ್ಲಿ. ನಾನು ಚಿಕ್ಕವನಾಗಿದ್ದಾಗ ನಿಡುಗಲ್ಲು ಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ ಇನ್ನೂ ಕಪಿಲೆ ಬಾವಿಗಳಿದ್ದವು. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆದು ಚರ್ಮದ ಚೀಲದಲ್ಲಿ ನೀರೆತ್ತುತ್ತಿದ್ದವು. ಬೆಳಗಿನಿಂದ ಬಿಸಿಲೇರುವವರೆಗೆ ಹೊಡೆದರೂ ತೋಯುತ್ತಿದ್ದದ್ದು ಅಂಗೈಯಗಲದ ನೆಲ. ಆಗ ಬಂದದ್ದು ‘ಆಯಿಲ್ ಎಂಜಿನ್ನು’. ಬಾವಿಯ ನೀರು ಆಳಕ್ಕಿಳಿದರೆ ದಡದ ಮೇಲಿಟ್ಟ ಪಂಪು ಅದನ್ನು ಹೀರಲಾರದು. ವಾಸ್ತವದಲ್ಲಿ ಏಳೆಂಟು ಮೀಟರು ಅದರ ಮಿತಿ. ಆದ್ದರಿಂದ ಬಾವಿಯೊಳಗೆ ಕಲ್ಲು ಕಡಿದು ಮೆಟ್ಟಿಲಿನಂತಹ ಕಟ್ಟೆ ಮಾಡಿ, ಹಗ್ಗ ಕಟ್ಟಿ ಎಂಜಿನ್ನನ್ನು ಅಲ್ಲಿಗೆ ಇಳಿಸುತ್ತಿದ್ದರು. ಒಳಗಿಳಿದು ಲಿವರು ಎತ್ತಿ, ಹ್ಯಾಂಡಲು ಗಿರಗಿರನೆ ತಿರುಗಿಸಿ, ವೇಗ ಬಂದೊಡನೆ ಲಿವರು ಬಿಟ್ಟರೆ ಡುಗುಡುಗು ಎಂದು ಹೊತ್ತಿಕೊಳ್ಳುತ್ತಿತ್ತು. ಆ ಸದ್ದು ಅರ್ಧ ಮೈಲಿ ಕೇಳಿಸುತ್ತಿತ್ತು.

ಈ ಎಂಜಿನ್ನುಗಳಲ್ಲಿ ಕೆಲವು ಇಂಗ್ಲೆಂಡಿನ ಲಿಸ್ಟರ್ ಮಾದರಿಯವು. ನಿಮಿಷಕ್ಕೆ 650 ಸುತ್ತಿನಷ್ಟೇ ತಿರುಗುವ ನಿಧಾನದ ಯಂತ್ರಗಳು. ಅದೇ ನಮೂನೆಯನ್ನು ಗುಜರಾತಿನ ರಾಜಕೋಟದ ಕಾರ್ಖಾನೆಗಳೂ ತಯಾರಿಸಿದವು. ಇನ್ನು ಕೆಲವು ಕಿರ್ಲೋಸ್ಕರ್ ಎಂಜಿನ್ನುಗಳು. ಕಿರ್ಲೋಸ್ಕರ್ ಮನೆತನದ ಉದ್ಯಮದ ಸ್ಥಾಪಕರಾದ ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದವರು. ಅವರ ಮನೆತನದ ಆಯಿಲ್ ಎಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಸ್ಥಾಪನೆಯಾಯಿತು. ಎಣ್ಣೆಯನ್ನು ಗಳಿಗೆಗೆ ಸರಿಯಾಗಿ ಸಿಂಪಡಿಸುವ ಪಂಪು, ನಾಜಲ್ಲುಗಳ ವಿಷಯದಲ್ಲಿ ಬೆಂಗಳೂರೇ ದೇಶಕ್ಕೆ ಹೆಸರಾಯಿತು. ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ಇಂತಹ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಆರಂಭಿಸಿದ ಮೇಲೆಯೇ ಡೀಸೆಲ್ ಎಂಜಿನ್ನು ಲಾರಿ ಕಾರುಗಳಲ್ಲಿ ಕೂರುವಷ್ಟು ಚಿಕ್ಕದಾದದ್ದು. ಅದರ ಭಾರತದ ಕಂಪನಿಯಾದ ಮೈಕೋ 1951ರಲ್ಲಿ ಆರಂಭವಾಗಿ, ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿತು. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಆದರೂ ನಮ್ಮ ಕಡೆಯ ಹಳೆಯ ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಇಂದಿಗೂ ‘ಮೈಕೋ ಪಂಪು’.

ಈ ಹೊಲದ ಎಂಜಿನ್ನುಗಳಲ್ಲೆಲ್ಲ ಟೈಮಿಂಗ್ ಕಾಯುತ್ತಿದ್ದದ್ದು ಉಕ್ಕಿನ ಗಿಯರು. ಚಿಕ್ಕ ಗಿಯರಿನ ಎರಡರಷ್ಟು ಹಲ್ಲುಗಳುಳ್ಳ ದೊಡ್ಡ ಗಿಯರು. ಎರಡರ ಮೇಲೂ ಚುಕ್ಕೆ ಗುರುತು. ಎಂಜಿನ್ನು ಬಿಚ್ಚಿ ಜೋಡಿಸುವಾಗ ಮೆಕ್ಯಾನಿಕ್ಕು ಚುಕ್ಕೆಗೆ ಚುಕ್ಕೆ ಕೂಡಿಸಿದನೆಂದರೆ ವಾಲ್ವಿನ ಟೈಮಿಂಗ್ ಮುಗಿಯಿತು. ಎಣ್ಣೆಯ ಟೈಮಿಂಗ್ ಸರಿಪಡಿಸಲು ಪಂಪಿನ ಅಡಿಯಲ್ಲಿ ತೆಳುವಾದ ತಗಡಿನ ಬಿಲ್ಲೆಗಳಿರುತ್ತಿದ್ದವು. ಒಂದು ಬಿಲ್ಲೆ ತೆಗೆದರೆ ಸಿಂಪಡಣೆ ತುಸು ಮುಂಚೆ, ಒಂದು ಸೇರಿಸಿದರೆ ತುಸು ತಡ. ಅಕ್ಷರ ಬಾರದ ಮೆಕ್ಯಾನಿಕ್ಕುಗಳು ದಪ್ಪ ಗಾಲಿಯನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸುತ್ತಾ, ಪಂಪಿನ ಬಾಯಲ್ಲಿ ಎಣ್ಣೆ ಯಾವ ಗುರುತಿಗೆ ಕದಲುತ್ತದೆಂದು ನೋಡಿ ಟೈಮಿಂಗ್ ಹಿಡಿಯುವುದನ್ನು ನಾನು ಬೆರಗಿನಿಂದ ನೋಡುತ್ತಾ ನಿಂತದ್ದುಂಟು.

ಗಿಯರಿನ ದೊಡ್ಡ ಗುಣವೆಂದರೆ ಅದು ಹೇಳಿ ಸಾಯುತ್ತದೆ. ಹಲ್ಲು ಸವೆಯುವುದು ವರ್ಷಗಟ್ಟಲೆ. ಸವೆದಂತೆ ಸದ್ದು ಬದಲಾಗುತ್ತದೆ, ಕರಕರ ಎನ್ನುತ್ತದೆ. ರೈತ ತನ್ನ ಹೊಲದ ಬದುವಿನಲ್ಲಿ ನಿಂತೇ “ಎಂಜಿನ್ನು ಯಾಕೋ ಬೇರೆ ರಾಗ ಹಾಡ್ತಾ ಇದೆ” ಎನ್ನುತ್ತಿದ್ದ. ಮರುದಿನ ಮೆಕ್ಯಾನಿಕ್ಕಿಗೆ ಕರೆ ಹೋಗುತ್ತಿತ್ತು. ಸದ್ದು ಸರಿಯಿರುವಾಗ ಬಿಚ್ಚಿಸುವುದು ಅವಿವೇಕವೇ ಆಗಿತ್ತು. ಯಾಕೆಂದರೆ ಹಾಗೆ ಬಿಚ್ಚಿ ಜೋಡಿಸುವಾಗ ತೋಳಿನ ಅಂದಾಜಿನಲ್ಲಿ ಬೋಲ್ಟು ಬಿಗಿಯುವ ಕೆಲಸಗಾರನಿಂದ ಚೆನ್ನಾಗಿದ್ದುದೂ ಕೆಡುತ್ತಿತ್ತು. ‘ಸದ್ದು ಬರುವವರೆಗೂ ಮುಟ್ಟಬಾರದು’ ಎಂಬ ನೀತಿ ಹುಟ್ಟಿದ್ದು ಇಲ್ಲಿ. ಲಾರಿ, ಬಸ್ಸುಗಳ ವಿಷಯವೂ ಇದೇ. 1954ರಿಂದ ಟಾಟಾ ಕಂಪನಿ ಜರ್ಮನಿಯ ಮರ್ಸಿಡಿಸ್ ಬೆಂಜ್ ಸಹಯೋಗದಲ್ಲಿ ತಯಾರಿಸಿದ ಲಾರಿಗಳ ಎಂಜಿನ್ನಿನಲ್ಲೂ ಗಿಯರೇ ಇದ್ದಿತು. ಮಧುಗಿರಿ, ಪಾವಗಡದ ರಸ್ತೆಗಳಲ್ಲಿ ಖಾಸಗಿ ಬಸ್ಸು ಓಡಿಸಿದ ಒಂದು ಇಡೀ ತಲೆಮಾರಿನ ಚಾಲಕರು ಎಂಜಿನ್ನಿನ ಆರೋಗ್ಯವನ್ನು ಕಿವಿಯಿಂದಲೇ ಕಲಿತವರು.

ಗಳಿಗೆಯ ಮಹತ್ವಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಇನ್ನೊಂದು ಉದಾಹರಣೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದ ವಿಜ್ಞಾನಿಗಳು 1988ರಲ್ಲಿ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಕಟ್ಟಿಗೆಯಿಂದ ಅನಿಲ ತಯಾರಿಸಿ, ಅದನ್ನು ಡೀಸೆಲ್ ಎಂಜಿನ್ನಿಗೆ ಉಣಿಸಿ ಊರಿಗೆ ವಿದ್ಯುತ್ತು ಒದಗಿಸಿದರು. ಶಾಖದ ಬಹುಭಾಗ ಕಟ್ಟಿಗೆಯ ಅನಿಲದ್ದು. ಆದರೂ ಪ್ರತಿ ಸರದಿಯಲ್ಲಿ ಒಂದಿಷ್ಟು ಡೀಸೆಲ್ಲು ಬೇಕೇ ಬೇಕಾಗಿತ್ತು. ಯಾಕೆ? ಅನಿಲ ತಾನಾಗಿ ಸರಿಯಾದ ಗಳಿಗೆಗೆ ಹೊತ್ತಿಕೊಳ್ಳಲಾರದು. ಆ ಗಳಿಗೆಯನ್ನು ನಿಶ್ಚಯಿಸಲು ಸಿಂಪಡಿಸಿದ ಆ ಒಂದಿಷ್ಟು ಡೀಸೆಲ್ಲೇ ಬೇಕು.

ಈಗ ಬೆಲ್ಟಿನ ಸರದಿ. ಬೆಲ್ಟು ಎಂದೊಡನೆ ನಮ್ಮ ಕಣ್ಮುಂದೆ ಬರುವುದು ರಾಗಿ ಬೀಸುವ ಮಿಷನ್ನಿನ ಉದ್ದನೆಯ ಚಪ್ಪಟೆ ಬೆಲ್ಟು. ಅದು ಶಕ್ತಿಯನ್ನು ಸಾಗಿಸುವ ಬೆಲ್ಟು. ಅದು ಸ್ವಲ್ಪ ಜಾರಿದರೆ ಕಲ್ಲು ನಿಧಾನವಾಗುತ್ತದೆ, ಹಿಟ್ಟು ತಡವಾಗುತ್ತದೆ, ಅಷ್ಟೇ. ತುಂಡಾದರೆ ಕ್ಲಿಪ್ಪು ಹಾಕಿ ಜೋಡಿಸಿ ಮತ್ತೆ ಓಡಿಸುತ್ತಿದ್ದರು. ಟೈಮಿಂಗ್ ಬೆಲ್ಟಿನ ಜಾತಿ ಬೇರೆ. ಅದು ಸಾಗಿಸುವುದು ಸಮಯವನ್ನು. ಅದರ ಒಳಮೈಯಲ್ಲಿ ಹಲ್ಲುಗಳಿರುತ್ತವೆ, ಆ ಹಲ್ಲುಗಳು ಗಾಲಿಯ ಹಲ್ಲುಗಳಲ್ಲಿ ಕೂರುತ್ತವೆ. ಅದು ಜಾರುವಂತಿಲ್ಲ. ಜಾರಿದ ದಿನ ಅದು ಟೈಮಿಂಗ್ ಬೆಲ್ಟೇ ಅಲ್ಲ.

ಈ ಹಲ್ಲಿನ ಬೆಲ್ಟು ಹುಟ್ಟಿದ್ದು ಮೋಟಾರು ವಾಹನಕ್ಕಾಗಿ ಅಲ್ಲ. 1940ರ ದಶಕದಲ್ಲಿ ಅಮೆರಿಕದಲ್ಲಿ ಹೊಲಿಗೆ ಯಂತ್ರದ ಮೇಲಿನ ಸೂಜಿಗೂ ಕೆಳಗಿನ ಬಾಬಿನ್ನಿಗೂ ಹೆಜ್ಜೆ ತಪ್ಪದಂತೆ ಮಾಡಲು ಇದನ್ನು ರೂಪಿಸಿದರು. ಎಂಜಿನ್ನಿನ ವಾಲ್ವುಗಳಿಗೆ ಇದನ್ನು ಮೊದಲು ಬಳಸಿಕೊಂಡ ಮಾರಾಟದ ಕಾರು ಜರ್ಮನಿಯ ಗ್ಲಾಸ್ ಕಂಪನಿಯ 1004. ಅದು 1962ರಲ್ಲಿ ಬಂದಿತು. 1976ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿನ ಡೀಸೆಲ್ ಎಂಜಿನ್ನಿನಲ್ಲಿ ಒಂದೇ ಬೆಲ್ಟು ಕ್ಯಾಮ್ ದಂಡವನ್ನೂ ಎಣ್ಣೆಯ ಪಂಪನ್ನೂ ತಿರುಗಿಸಿತು. ಬೆಲ್ಟು ಹಗುರ, ಸದ್ದು ಕಡಿಮೆ, ಎಣ್ಣೆಯ ಅಭ್ಯಂಜನ ಬೇಕಿಲ್ಲ, ಬೆಲೆಯೂ ಅಗ್ಗ. ಕ್ಯಾಮ್ ದಂಡ ಎಂಜಿನ್ನಿನ ನೆತ್ತಿಗೇರಿದ್ದರಿಂದ ದೂರವೂ ಹೆಚ್ಚಾಗಿತ್ತು. ಅಷ್ಟು ದೂರಕ್ಕೆ ಗಿಯರುಗಳ ಸಾಲು ಜೋಡಿಸುವುದಕ್ಕಿಂತ ಬೆಲ್ಟು ಹಾಕುವುದು ಸುಲಭವಾಯಿತು.

ನಮ್ಮ ಹಳ್ಳಿಗಳವರೆಗೆ ಆ ಬೆಲ್ಟನ್ನು ತಂದ ವಾಹನಗಳಲ್ಲಿ ಮುಖ್ಯವಾದದ್ದು ನಮ್ಮದೇ ರಾಜ್ಯದಲ್ಲಿ ತಯಾರಾಯಿತು. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್ ಹೊರಬಂದಿತು, 2005ರಲ್ಲಿ ಇನ್ನೋವಾ ಬಂದಿತು. ಎರಡರ ಡೀಸೆಲ್ ಎಂಜಿನ್ನುಗಳಲ್ಲೂ ಟೈಮಿಂಗ್ ಬೆಲ್ಟಿದ್ದಿತು. ತಿರುಪತಿ ಯಾತ್ರೆಗೆ, ಮದುವೆ ದಿಬ್ಬಣಕ್ಕೆ, ಬೆಂಗಳೂರಿನ ಆಸ್ಪತ್ರೆಗೆ ಹೋಗಲು ನಮ್ಮ ತಾಲ್ಲೂಕುಗಳ ಜನ ಇವನ್ನೇ ಹತ್ತಿದರು. ಮೂರನೆಯ, ನಾಲ್ಕನೆಯ ಕೈಗೆ ಬಂದ ಇಂತಹ ಬೆಲ್ಟಿನ ವಾಹನಗಳನ್ನು ಸಾಲ ಮಾಡಿ ಕೊಂಡು ಬದುಕು ಕಟ್ಟಿಕೊಂಡ ಹುಡುಗರು ನಮ್ಮ ಪ್ರತಿಯೊಂದು ಹೋಬಳಿಯಲ್ಲೂ ಇದ್ದಾರೆ. ಅವರಲ್ಲಿ ಬಹಳ ಮಂದಿ ಆಯಿಲ್ ಎಂಜಿನ್ನಿನ ಮನೆಗಳಿಂದ ಬಂದವರು. ಅಪ್ಪನಿಂದ ಕಲಿತ ಗಿಯರಿನ ನೀತಿಯನ್ನು ಬೆಲ್ಟಿನ ಎಂಜಿನ್ನಿಗೂ ಅನ್ವಯಿಸಿದರು. ತೊಂದರೆ ಆರಂಭವಾದದ್ದು ಅಲ್ಲಿ.

ಏಕೆಂದರೆ ಬೆಲ್ಟು ಹೇಳಿ ಸಾಯುವುದಿಲ್ಲ. ಅದು ರಬ್ಬರು ಮತ್ತು ಗಾಜಿನ ನೂಲಿನಿಂದಾದದ್ದು. ಬಿಸಿಗೆ ಬಿರುಸಾಗುತ್ತದೆ, ಎಂಜಿನ್ ಆಯಿಲು ಸೋರಿ ತಗುಲಿದರೆ ಉಬ್ಬಿ ಮೆತ್ತಗಾಗುತ್ತದೆ, ಹಲ್ಲಿನ ಬುಡದಲ್ಲಿ ಬಿರುಕು ಬಿಡುತ್ತದೆ. ಇಷ್ಟೆಲ್ಲ ನಡೆಯುವುದು ಮುಚ್ಚಳದೊಳಗೆ, ನಿಶ್ಶಬ್ದವಾಗಿ. ಓಡಿದ ಕಿಲೋಮೀಟರಿನಷ್ಟೇ ಕಳೆದ ವರ್ಷಗಳೂ ಅದನ್ನು ಹಣ್ಣು ಮಾಡುತ್ತವೆ. ಹೀಗಾಗಿ ತಯಾರಕರು ಬೆಲ್ಟಿಗೆ ಇಷ್ಟು ಕಿಲೋಮೀಟರು, ಇಷ್ಟು ವರ್ಷ ಎಂದು ಆಯುಸ್ಸು ಬರೆದಿಟ್ಟಿರುತ್ತಾರೆ. ಎಂಜಿನ್ನಿನಿಂದ ಎಂಜಿನ್ನಿಗೆ ಅದು ಬೇರೆ ಬೇರೆ. ಆಯಾ ವಾಹನದ ಪುಸ್ತಕದಲ್ಲಿ ಇರುವುದೇ ಪ್ರಮಾಣ.

ನಮ್ಮ ಬಳಗದ ಹುಡುಗನೊಬ್ಬನ ಕಥೆ ಹೇಳುತ್ತೇನೆ, ಹೆಸರು ಬೇಡ. ಹಳೆಯ ಡೀಸೆಲ್ ವಾಹನವೊಂದನ್ನು ಸಾಲದಲ್ಲಿ ಕೊಂಡಿದ್ದ. ಕೊಟ್ಟವರು ಬೆಲ್ಟಿನ ಮಾತೆತ್ತಲಿಲ್ಲ, ಗಾಡಿಯೂ ಗಡಿಯಾರದಂತೆ ಓಡುತ್ತಿತ್ತು. ಒಂದು ಬೇಸಿಗೆಯ ಮಧ್ಯಾಹ್ನ ಮದುವೆಯ ಜನರನ್ನು ಹತ್ತಿಸಿಕೊಂಡು ಮಿಡಿಗೇಶಿಯ ಈಚೆ ಬರುತ್ತಿದ್ದಾಗ, ಯಾವ ಸೂಚನೆಯೂ ಇಲ್ಲದೆ ಎಂಜಿನ್ನು ಟಪ್ಪೆಂದು ನಿಂತಿತು. ಬೆಲ್ಟು ತುಂಡಾಗಿತ್ತು. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಅಷ್ಟು ಕಿರಿದಾಗಿ ಅದುಮಬೇಕಾದ್ದರಿಂದ ಪಿಸ್ಟನ್ ಮೇಲೇರಿದಾಗ ವಾಲ್ವಿಗೂ ಅದಕ್ಕೂ ನಡುವೆ ಕೂದಲೆಳೆಯಷ್ಟೇ ಜಾಗ. ಬೆಲ್ಟು ಹರಿದೊಡನೆ ಕ್ಯಾಮ್ ದಂಡ ನಿಂತಿತು. ತೆರೆದ ವಾಲ್ವು ತೆರೆದಂತೆಯೇ ಉಳಿಯಿತು. ಪಿಸ್ಟನ್ ಬಂದು ಅದಕ್ಕೆ ಗುದ್ದಿತು. ವಾಲ್ವುಗಳು ಬಾಗಿದವು, ಹೆಡ್ಡು ಬಿಚ್ಚಬೇಕಾಯಿತು. ಎರಡು ತಿಂಗಳು ಗಾಡಿ ನಿಂತಿತು, ಸಾಲದ ಕಂತು ನಿಲ್ಲಲಿಲ್ಲ. ಮನೆಯವರು ಸೀಮೆಹಸು ಮಾರಿದರು. ಆ ವರ್ಷ ತುಮಕೂರಿನಲ್ಲಿ ಕಾಲೇಜು ಸೇರಬೇಕಾಗಿದ್ದ ತಂಗಿ ಒಂದು ವರ್ಷ ಮನೆಯಲ್ಲಿಯೇ ಉಳಿದಳು. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆ ಮಾನಕ್ಕಷ್ಟೇ ಅಲ್ಲ, ಎಂಜಿನ್ನಿಗೂ ಸಲ್ಲುತ್ತದೆ.

ಹಾಗಾದರೆ ಬೆಲ್ಟು ಬದಲಿಸಿದ ಮೇಲೆ ಗಾಡಿ ಎಳೆಯುವುದಿಲ್ಲ ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ? ಹಾಗೂ ಹೇಳಲಾಗದು. ಅವರು ಕಂಡದ್ದು ನಿಜ, ಕೊಟ್ಟ ಕಾರಣ ಮಾತ್ರ ತಪ್ಪು. ಲೆಕ್ಕ ಹಾಕಿ ನೋಡಿ. ಕ್ರ್ಯಾಂಕ್ ದಂಡದ ಗಾಲಿಗೆ 20 ಹಲ್ಲುಗಳಿವೆಯೆಂದು ಇಟ್ಟುಕೊಳ್ಳಿ. 360ನ್ನು 20ರಿಂದ ಭಾಗಿಸಿದರೆ 18. ಹೊಸ ಬೆಲ್ಟು ಕೂರಿಸುವಾಗ ಒಂದೇ ಒಂದು ಹಲ್ಲು ಆಚೀಚೆಯಾದರೆ ಟೈಮಿಂಗ್ 18 ಡಿಗ್ರಿ ತಪ್ಪಿತು! ನಾವು ಮೇಲೆ ನೋಡಿದ ಎಂಜಿನ್ನಿನಲ್ಲಿ ಸಿಂಪಡಣೆಗೆ ಇರುವ ಮುಂಗಡವೇ 23 ಡಿಗ್ರಿ. ಬೆಲ್ಟಿನಿಂದಲೇ ಎಣ್ಣೆಯ ಪಂಪು ತಿರುಗುವ ಹಳೆಯ ಎಂಜಿನ್ನುಗಳಲ್ಲಿ ಇದರ ಪರಿಣಾಮ ನೇರ. ಸಿಂಪಡಣೆ ತಡವಾದರೆ ಎಣ್ಣೆ ಪೂರ್ತಿ ಉರಿಯದೆ ಹೊಗೆ ಕಾರುತ್ತದೆ, ಬೆಳಗಿನ ಹೊತ್ತು ಎಂಜಿನ್ನು ಏಳುವುದಿಲ್ಲ, ಏರಿನಲ್ಲಿ ಉಸಿರುಗಟ್ಟುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಮುಂಚೆಯಾದರೆ ಸುತ್ತಿಗೆಯಿಂದ ಕುಟ್ಟಿದಂತೆ ಸದ್ದು ಬರುತ್ತದೆ, ಪಿಸ್ಟನ್ನಿನ ಮೇಲೆ ಒತ್ತಡ ಏರುತ್ತದೆ. ಇನ್ನೂ ಹೆಚ್ಚು ಹಲ್ಲು ತಪ್ಪಿದರೆ ವಾಲ್ವು ಪಿಸ್ಟನ್ನಿಗೆ ತಾಕಿಯೇ ತಾಕುತ್ತದೆ.

1997ರಿಂದ ಕಾರುಗಳಿಗೆ ಬಂದ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಪಂಪಿನ ಕೆಲಸ ಒತ್ತಡ ಕೊಡುವುದಷ್ಟೇ. ಸಿಂಪಡಿಸುವ ಗಳಿಗೆಯನ್ನು ಕಂಪ್ಯೂಟರು ನಿರ್ಧರಿಸುತ್ತದೆ. ಹಾಗೆಂದು ಅಲ್ಲಿ ಬೆಲ್ಟಿಗೆ ಬೆಲೆಯಿಲ್ಲವೆಂದಲ್ಲ. ವಾಲ್ವುಗಳ ಕಾಲ ಬೆಲ್ಟಿನ ಕೈಯಲ್ಲೇ ಇರುತ್ತದೆ. ಕ್ರ್ಯಾಂಕ್ ಒಂದು ಹೇಳಿ, ಕ್ಯಾಮ್ ಇನ್ನೊಂದು ಹೇಳಿದರೆ ಕಂಪ್ಯೂಟರು ಎಚ್ಚರಿಕೆಯ ದೀಪ ಹಚ್ಚಿ ಎಂಜಿನ್ನನ್ನು ಏಳಗೊಡದಿರಲೂಬಹುದು.

ಆದುದರಿಂದ ಉತ್ತರ ಹೀಗೆ. ಸರಿಯಾಗಿ ಕೂರಿಸಿದ ಹೊಸ ಬೆಲ್ಟು ಎಂಜಿನ್ನಿನ ಬಲವನ್ನು ಕುಗ್ಗಿಸುವುದಿಲ್ಲ. ಇಲ್ಲದ ಬಲವನ್ನು ತರುವುದೂ ಇಲ್ಲ. ಹಳೆಯ ಬೆಲ್ಟು ಸಡಿಲಗೊಂಡು, ಹಲ್ಲು ಸವೆದು ಟೈಮಿಂಗ್ ತುಸು ಹಿಂದೆ ಬಿದ್ದಿದ್ದರೆ ಆ ಕಳೆದುಹೋದದ್ದು ಮರಳುತ್ತದೆ, ಅಷ್ಟೇ. ಬದಲಿಸಿದ ಮೇಲೆ ಬಲ ಕುಗ್ಗಿದರೆ ಗುರುತು ತಪ್ಪಿದೆ ಎಂದು ತಿಳಿಯಬೇಕು. ಹೊಸ ಬೆಲ್ಟು ಹಾಕಿದ ಬಳಿಕ ಕೀಲಿ ತಿರುಗಿಸುವ ಮೊದಲು ಕ್ರ್ಯಾಂಕ್ ದಂಡವನ್ನು ಪಾನದಿಂದ ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳೆಲ್ಲ ಮತ್ತೆ ಸ್ವಸ್ಥಾನಕ್ಕೆ ಬಂದವೇ ಎಂದು ನೋಡುವುದು ನಿಯಮ. ಏಕೆ ಎರಡು ಸುತ್ತು ಎಂಬುದು ಈಗ ನಿಮಗೆ ತಿಳಿದಿದೆ: ಕ್ಯಾಮ್ ಒಂದು ಸುತ್ತು ಮುಗಿಸಲು ಅಷ್ಟು ಬೇಕು. ಬೆಲ್ಟಿನ ಜೊತೆಗೆ ಅದನ್ನು ಬಿಗಿಹಿಡಿಯುವ ಟೆನ್ಷನರನ್ನೂ, ನೀರಿನ ಪಂಪು ಅದೇ ಬೆಲ್ಟಿನಲ್ಲಿ ತಿರುಗುವಂತಿದ್ದರೆ ಅದನ್ನೂ ಬದಲಿಸುವುದು ಲೇಸು. ಬೇರಿಂಗು ಹಿಡಿದುಕೊಂಡರೆ ಹೊಸ ಬೆಲ್ಟೂ ಹರಿಯುತ್ತದೆ.

ಚರಿತ್ರೆಯ ಚಕ್ರ ಇನ್ನೂ ತಿರುಗುತ್ತಿದೆ. 2007ರಲ್ಲಿ ಬಂದ ಸ್ವಿಫ್ಟ್ ಡೀಸೆಲ್ಲಿನಲ್ಲಿ ಬೆಲ್ಟಿನ ಬದಲು ಚೈನು ಇದ್ದಿತು. ಬಿಡದಿಯ ಇನ್ನೋವಾ ಕೂಡ 2016ರಲ್ಲಿ ಕ್ರಿಸ್ಟಾ ಆದಾಗ ಚೈನಿಗೆ ಹೊರಳಿತು. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಬಂದಾಗ ಮಾರುತಿ ಕಂಪನಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ನಮ್ಮ ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದ ಮೇಲೆ ಆಯಿಲ್ ಎಂಜಿನ್ನುಗಳು ಕರೆಂಟಿನ ಮೋಟಾರುಗಳಿಗೆ ಜಾಗ ಬಿಟ್ಟುಕೊಟ್ಟವು. ಅದೇ ಪಾವಗಡದ ತಿರುಮಣಿ, ವಳ್ಳೂರು ಕಡೆ ಸುಮಾರು 13,000 ಎಕರೆಯಲ್ಲಿ 2050 ಮೆಗಾವ್ಯಾಟ್‌ನ ಸೌರ ಉದ್ಯಾನ ಹರಡಿದೆ. ಬಿಸಿಲಿನ ಹಲಗೆಗೆ ವಾಲ್ವೂ ಇಲ್ಲ, ಟೈಮಿಂಗೂ ಇಲ್ಲ. ಆದರೂ ಬೆಲ್ಟಿನ ಹಳೆಯ ಡೀಸೆಲ್ ವಾಹನಗಳು ನಮ್ಮ ರಸ್ತೆಗಳಲ್ಲಿ ಇನ್ನೂ ಓಡುತ್ತಿವೆ. ಅವುಗಳ ಹಿಂದೆ ಒಂದೊಂದು ಮನೆ ಇದೆ.

ಗಿಯರು ನಮಗೆ ಕಿವಿಯ ವಿದ್ಯೆ ಕಲಿಸಿತು. ಬೆಲ್ಟು ಕೇಳುವುದು ಪುಸ್ತಕದ ವಿದ್ಯೆ. ಅಪ್ಪಂದಿರ ನೀತಿ ಅವರ ಯಂತ್ರಕ್ಕೆ ಸರಿಯಾಗಿಯೇ ಇದ್ದಿತು. ಯಂತ್ರ ಬದಲಾದುದು ನೀತಿಗೆ ತಿಳಿಯಲಿಲ್ಲ. ಇತಿಹಾಸ ಓದುವುದರಿಂದ ಏನು ಪ್ರಯೋಜನ ಎಂದು ತರಗತಿಯಲ್ಲಿ ಕೇಳುತ್ತಿದ್ದಿರಲ್ಲ, ಇಂತಹ ಕಡೆ ಇದೆ ಅದರ ಪ್ರಯೋಜನ. ಒಂದು ರೂಢಿಯನ್ನು ಯಾವಾಗ ಪಾಲಿಸಬೇಕು, ಯಾವಾಗ ಬಿಡಬೇಕು ಎಂದು ತಿಳಿಯಲು ಅದು ಎಲ್ಲಿ ಹುಟ್ಟಿತೆಂಬುದು ಗೊತ್ತಿರಬೇಕು.

ಆದ್ದರಿಂದ ಹಳೆಯ ಡೀಸೆಲ್ ವಾಹನ ಕೊಳ್ಳುವ ನನ್ನ ಹುಡುಗರಿಗೆ ಒಂದೇ ಮಾತು. ಬಣ್ಣ, ಟೈರು ನೋಡುವ ಮೊದಲು ಅದರಲ್ಲಿರುವುದು ಬೆಲ್ಟೋ ಚೈನೋ ಕೇಳಿ. ಬೆಲ್ಟಾದರೆ ಯಾವ ವರ್ಷ, ಎಷ್ಟು ಕಿಲೋಮೀಟರಿಗೆ ಬದಲಿಸಿದರೆಂದು ಕೇಳಿ. ಉತ್ತರ ಬಾರದಿದ್ದರೆ ಬದಲಿಸಿಲ್ಲವೆಂದೇ ಭಾವಿಸಿ, ಮೊದಲು ಆ ಕೆಲಸ ಮಾಡಿಸಿ. ದಿನಾಂಕವನ್ನೂ ಕಿಲೋಮೀಟರನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ನಿಮ್ಮೂರಿನ ಬಾವಿಯಲ್ಲಿ ಇಳಿಸಿದ್ದ ಆಯಿಲ್ ಎಂಜಿನ್ನಿನ ನೆನಪು, ಅದನ್ನು ರಿಪೇರಿ ಮಾಡುತ್ತಿದ್ದವರ ನೆನಪು ಯಾರಿಗಾದರೂ ಇದ್ದರೆ ನನಗೆ ಅವಶ್ಯವಾಗಿ ಬರೆದು ತಿಳಿಸಿರಿ. ಆ ಮೆಕ್ಯಾನಿಕ್ಕುಗಳ ಚರಿತ್ರೆಯನ್ನು ಬರೆಯಬೇಕೆಂಬ ಆಸೆ ಇದೆ.